ಎಂಜಲಾಗದ ಕ್ಯಾಸೆಟ್

ದಸರೆಯ ಖಂಡೇಪೂಜೆಗೆಂದು ಅಟ್ಟ ಗುಡಿಸುವಾಗ ನಮ್ಮ ಹಳೆಯ ವಿಡಿಯೋ ಗೇಮ್ ಸಿಕ್ಕಿಬಿಟ್ಟಿತು! ಆ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ನಾಲ್ಕನೆಯ ಇಯತ್ತೆಯ ಹುಡುಗ.

ನಮ್ಮ ಹೆಬ್ಬೆರಳಿಗೆ ಸಿಕ್ಕು ಗುಂಡಿಗಳ ಮೇಲಿನ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು. ಆಟ ನಡುವೆ ನಿಂತರೆ ಓಣಿಯ ಹುಡುಗರೆಲ್ಲ ಕ್ಯಾಸೆಟ್ ಕಿತ್ತು, ಬಾಯಿ ಹಚ್ಚಿ ಧೂಳು ಊದುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಅದು ನಡೆಯುತ್ತಿರಲಿಲ್ಲ. ಪ್ರತಿ ಖಂಡೇಪೂಜೆಗೆ ಹೊಲಿಗೆ ಮಷಿನ್ನಿನ ಜೊತೆ ಗೇಮಿಗೂ ಕುಂಕುಮ ಹಚ್ಚುತ್ತಿದ್ದ ಅಜ್ಜಿ, ಬತ್ತಿ ಹೊಸೆಯುತ್ತಲೇ ಗುಡುಗುತ್ತಿದ್ದಳು.

"ಏಯ್, ಎಂಜಲ ಮಾಡಬ್ಯಾಡ! ದೇವರ ಮುಂದ ಇಡೂ ಸಾಮಾನ ಅದು. ತೊಗೊ ಈ ಅರಳೆ, ಇದರಿಂದ ಒರಸು."

ಗೆಳೆಯರೆಲ್ಲ ನಗುತ್ತಿದ್ದರು. ನನಗೆ ಅಜ್ಜಿಯ ಮೇಲೆ ಎಲ್ಲಿಲ್ಲದ ಸಿಟ್ಟು.

ಮೊನ್ನೆ ಗೋಕುಲ ರಸ್ತೆಯ ರಿಪೇರಿ ಅಂಗಡಿಯವರು ಕ್ಯಾಸೆಟ್ ಬಿಚ್ಚಿ ಬೆರಗಾದರು.

"ಇದನ್ನ ಯಾರೂ ಊದಿಲ್ಲೇನ್ರಿ? ಬಾಯಿ ಹಸಿಗೆ ಎಲ್ಲಾರವೂ ಒಳಗ ಕಿಲುಬು ಹಿಡದಾವ. ನಿಮ್ಮದು ಹೊಳಿಯಾಕತ್ತೈತಿ!"

ಮನೆಗೆ ತಂದು ಟಿವಿಗೆ ಜೋಡಿಸಿದೆ. ಬಂತು! ಅದೇ ಸಂಗೀತ, ಅದೇ ಬಣ್ಣ! ಅರ್ಧ ನಿಮಿಷ ಓಡಿ ಚಿತ್ರ ನಿಂತಿತು. ಹೀಗಾದರೆ ಊದಬೇಕೆಂದು ಮೊಬೈಲಿನಲ್ಲಿ ಎಲ್ಲೋ ನೋಡಿದ್ದ ಮಗಳು ಥಟ್ಟನೆ ಕ್ಯಾಸೆಟ್ ಕಿತ್ತು ಬಾಯಿಗೊಯ್ದಳು.

"ಏಯ್, ಎಂಜಲ ಮಾಡಬ್ಯಾಡ!" ಎಂದು ಕೂಗಿ, ಅರಳೆ ತರಲು ನಾನು ದೇವರ ಮನೆಗೆ ಓಡಿದೆ.