ಮುಖ ನೋಡಿ ಕಲಿಸಿದ ಮೇಷ್ಟ್ರು

ಹೊರದೇಶದ ವಿದ್ಯಾರ್ಥಿಗಳಿಗೆ ನಮ್ಮ ಸೀಮೆಯ ಬದುಕನ್ನು ಕಲಿಸುವ ಕೆಲಸವನ್ನು ಚಿತ್ರದುರ್ಗದಲ್ಲಿ ಮೊದಲು ಕೈಗೆತ್ತಿಕೊಂಡವರು ನಮ್ಮ ಕಾಲೇಜಿನ ಸಮಾಜಶಾಸ್ತ್ರದ ಅಧ್ಯಾಪಕರಾದ ಶ್ರೀ ಕಾಟಲಿಂಗಪ್ಪನವರು. ಈ ವರ್ಷ, ೧೯೭೯ರಲ್ಲಿ, ನಿವೃತ್ತರಾಗುತ್ತಿರುವ ಅವರ ವಿದ್ವತ್ತಿನ ಬಗ್ಗೆ ಬಲ್ಲವರು ಬರೆದಿದ್ದಾರೆ. ಹದಿನಾಲ್ಕು ವರ್ಷ ಕಾಲೇಜಿನ ಜೀಪು ಓಡಿಸಿದ ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ. ಜೀಪು ಕೆಟ್ಟು ನಿಂತರೆ ಪಂಚೆ ಎತ್ತಿ ಕಟ್ಟಿ ತಳ್ಳಲು ಮೊದಲು ಇಳಿಯುತ್ತಿದ್ದವರು ಅವರೇ.

೧೯೭೪ರಲ್ಲಿ ಡೆನ್ಮಾರ್ಕಿನಿಂದ ಹೆನ್ರಿಕ್ ಎಂಬ ವಿದ್ಯಾರ್ಥಿ ಕುರಿಗಾಹಿಗಳ ಬಗ್ಗೆ ಪ್ರಬಂಧ ಬರೆಯಲು ಬಂದ. ಮತ್ತೋಡಿನ ಹತ್ತಿರದ ಹಟ್ಟಿಯಲ್ಲಿ ಆರು ತಿಂಗಳಿದ್ದು ಬರೆದರೆ ಪದವಿ. ಇಲ್ಲವಾದರೆ ಬರಿಗೈಲಿ ವಾಪಸ್ಸು. ಬಂದ ದಿನವೇ ಆತ ಕುರಿ ರೊಪ್ಪದ ಬಾಗಿಲಲ್ಲಿ ನಿಂತು, ಬೆರಳು ತೋರಿಸುತ್ತ, ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸಿಬಿಟ್ಟ. ಹಾಗೆ ಎಣಿಸಿದರೆ ಮಂದೆ ಕರಗುತ್ತದೆಂಬುದು ಆ ಹಟ್ಟಿಯ ನಂಬಿಕೆ. ಹಿರಿಯರಾದ ಜುಂಜಣ್ಣ ಬಾಗಿಲಿಗೆ ಗಳ ಅಡ್ಡ ಹಾಕಿದರು.

“ಕರ್ಕಂಡು ಹೋಗ್ರಿ ಮೇಷ್ಟ್ರೇ. ಇವ್ನಿಗೆ ಇಲ್ಲಿ ಕೆಲ್ಸ ಇಲ್ಲ.”

ಹೆನ್ರಿಕ್ ಬಿಳಿಚಿಕೊಂಡ. ಮೇಷ್ಟ್ರು ಅವನನ್ನು ಗದರಲಿಲ್ಲ. ಜುಂಜಣ್ಣನೆದುರು ನೆಲದ ಮೇಲೆ ಕುಳಿತರು.

“ತಪ್ಪು ಈ ಹುಡುಗಂದಲ್ಲ, ಹೇಳ್ಕೊಡದೆ ಕರ್ಕಂಡು ಬಂದ ನಂದು. ನೀವು ಎಣಿಸ್ದೆ ಎಲ್ಲ ಬಂದ್ವು ಅಂತ ಹೆಂಗೆ ಗೊತ್ತು ಮಾಡ್ಕಂತೀರಿ? ಅದನ್ನ ಇವ್ನಿಗೆ ಕಲಿಸ್ರಿ.”

“ಮಕ ನೋಡಿದ್ರೆ ಗೊತ್ತಾಗುತ್ತೆ. ನಿಮ್ಮ ಕ್ಲಾಸಿನ ಹುಡುಗ್ರು ನಿಮಗೆ ಗೊತ್ತಾಗಲ್ವೇನ್ರಿ?”

“ಅಷ್ಟು ಚೆನ್ನಾಗಿ ಗೊತ್ತಾಗಲ್ಲ ಜುಂಜಣ್ಣ.”

ಈ ಮಾತಿಗೆ ಮುದುಕರು ನಕ್ಕು, ಕುರಿಗಳ ಮುಖ ಕಲಿಯಲು ಹುಡುಗನಿಗೆ ಒಂದು ತಿಂಗಳ ಗಡುವು ಕೊಟ್ಟರು; ಕಲಿಯದಿದ್ದರೆ ವಾಪಸ್ಸು. ಹೆನ್ರಿಕ್ ತಂದಿದ್ದ ಪ್ರಶ್ನೆಗಳ ಪಟ್ಟಿಯನ್ನು ಮೇಷ್ಟ್ರು ತಮ್ಮ ಚೀಲಕ್ಕೆ ಹಾಕಿಕೊಂಡರು. ಪ್ರತಿ ಭಾನುವಾರ ತಾವೂ ಬಂದು ಶಿಷ್ಯನ ಪಕ್ಕದಲ್ಲಿ ಶಿಷ್ಯರಾಗಿ ಕುಳಿತು ಕುರಿಗಳ ಮುಖ ಕಲಿತರು.

ಗಡುವಿನ ಸಂಜೆ ಮಂದೆ ಬಂತು.

“ಏನಪ್ಪ ದೊರೆ, ಎಲ್ಲ ಬಂದ್ವಾ?” ಎಂದು ಜುಂಜಣ್ಣ ಕೇಳಿದರು.

ಹೆನ್ರಿಕ್ ಬಹಳ ಹೊತ್ತು ನೋಡಿದ. “ಸೀಳುಗಿವಿ ಬಂದಿಲ್ಲ,” ಎಂದ.

ಕಿವಿ ಸೀಳಿದ ಆ ಕುರಿಯನ್ನು ಪರೀಕ್ಷೆಗೆಂದು ಜುಂಜಣ್ಣನೇ ಮನೆಯ ಹಿಂದೆ ಕಟ್ಟಿದ್ದರು.

“ನಿಮಗೆ ಗೊತ್ತಾಯ್ತೇನ್ರಿ ಮೇಷ್ಟ್ರೇ?”

“ಇಲ್ಲ.”

“ಹಂಗಾದ್ರೆ ಹುಡುಗ ಪಾಸು, ನೀವು ಫೇಲು.”

ಹೆನ್ರಿಕ್ ಉಳಿದ, ಪದವಿಯೂ ಬಂತು. ಅವನ ಪ್ರಬಂಧದ ಮೊದಲ ಪುಟದಲ್ಲಿ ಗುರುಗಳೆಂದು ಎರಡು ಹೆಸರುಗಳಿವೆ. ಜುಂಜಣ್ಣನ ಹೆಸರೇ ಮೊದಲಿರಬೇಕೆಂದು ಪಟ್ಟು ಹಿಡಿದವರು ಮೇಷ್ಟ್ರು.

ಆಮೇಲೆ ಅವರು ತರಗತಿಯಲ್ಲಿ ಹಾಜರಿ ಕೂಗುವುದನ್ನು ಬಿಟ್ಟರು. ಒಮ್ಮೆ ಮುಖಗಳನ್ನೆಲ್ಲ ನೋಡಿ, ಬರಗೇರಮ್ಮ ಎಂಬ ಹುಡುಗಿ ಎರಡು ದಿನದಿಂದ ಇಲ್ಲವೆಂದು ನನ್ನನ್ನು ಆಕೆಯ ಊರಾದ ಹೊಸದುರ್ಗಕ್ಕೆ ಜೀಪಿನಲ್ಲಿ ಕಳಿಸಿದರು. ಜ್ವರದಲ್ಲಿ ಮಲಗಿದ್ದ ಆಕೆಯನ್ನು ಆಸ್ಪತ್ರೆಗೆ ಸೇರಿಸಿ ಬಂದೆ. ಈಗ ಆಕೆ ಅದೇ ಊರಿನ ಶಾಲೆಯಲ್ಲಿ ಮೇಡಮ್ಮು.

ಮುಂದಿನ ತಿಂಗಳು ಹೊರದೇಶದಿಂದ ಇನ್ನಿಬ್ಬರು ಬರುತ್ತಾರಂತೆ. ಮೇಷ್ಟ್ರು ಗಟ್ಟಿಮುಟ್ಟಾಗಿ ನೂರು ವರ್ಷ ಬಾಳಲಿ. ಆ ಇಬ್ಬರನ್ನೂ ಹಟ್ಟಿಗೆ ಕರೆದೊಯ್ದು, ಪಕ್ಕದಲ್ಲಿ ತಾವೂ ಕುಳಿತು, ಈ ಸಲವಾದರೂ ಪಾಸಾಗಲಿ.