ಶನಿವಾರದ ಸೈಕಲ್ ಪಾಠ

ನಾನು ಗುರುವಾಯನಕೆರೆಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಮನೆ ನಾರಾವಿಯ ಕಡೆಗೆ ಹೋಗುವ ರಸ್ತೆಯಲ್ಲಿದೆ. ಗಂಡ ದುಬೈಯಲ್ಲಿದ್ದಾರೆ. ಅವರು ತೆಗೆಸಿಕೊಟ್ಟ ಕಾರು ಅಂಗಳದಲ್ಲಿರುವಾಗ ನಾನು ಸೈಕಲ್ಲಿನಲ್ಲಿ ಶಾಲೆಗೆ ಹೊರಟದ್ದು ಊರಿಗೇ ಸುದ್ದಿಯಾಯಿತು. ಕಾರಣ ದೊಡ್ಡದೇನಲ್ಲ. ಮೊಣಕಾಲು ಬಿಗಿಯುತ್ತಿತ್ತು, ಕಾಲಿಗೆ ಕೆಲಸ ಕೊಡಿ ಎಂದು ಡಾಕ್ಟರರು ಹೇಳಿದ್ದರು. ಮಗಳು ಮೂಡುಬಿದಿರೆಯ ಹಾಸ್ಟೆಲ್ಲಿಗೆ ಹೋದ ಮೇಲೆ ಅವಳ ಸೈಕಲ್ ಸುಮ್ಮನೆ ನಿಂತಿತ್ತು.

ಮೊದಲ ಕೆಲವು ದಿನ ಹುಮ್ಮಸ್ಸಿನಲ್ಲೇ ಕಳೆದವು. ಆದರೆ ದಾರಿಯಲ್ಲೊಂದು ಏರು ಉಂಟು. ಅಲ್ಲಿ ಇಳಿದು ತಳ್ಳಲೇಬೇಕು. ಬೆವರು ಒರೆಸಿಕೊಳ್ಳುತ್ತಾ ತಳ್ಳುವಾಗಲೇ ಪರಿಚಯದ ಯಾರಾದರೂ ಗಾಡಿ ನಿಲ್ಲಿಸುತ್ತಿದ್ದರು.

"ಕಾರಿಗೆ ಏನಾಯ್ತು ಟೀಚರ್? ಬನ್ನಿ, ಶಾಲೆಗೆ ಬಿಡ್ತೇನೆ."

ಉತ್ತರ ಹೇಳಿ ಹೇಳಿ ಸಾಕಾಯಿತು. ಮಳೆ ಶುರುವಾದದ್ದೇ ನೆಪವಾಗಿ ನಾನು ಮತ್ತೆ ಕಾರು ಹತ್ತಿದೆ. ಮಳೆ ಬಿಟ್ಟ ಮೇಲೂ ಇಳಿಯಲಿಲ್ಲ.

ಏರಿನ ತುದಿಯಲ್ಲಿ ಒಂದು ಜೀನಸಿನ ಅಂಗಡಿ ಇದೆ. ನಡೆಸುವವರು ಅರವತ್ತರ ಆಸುಪಾಸಿನ ಬ್ಯಾರಿ ಸಮುದಾಯದ ಹೆಂಗಸು. ಸೈಕಲ್ ತಳ್ಳಿಕೊಂಡು ಬರುವಾಗ ಎಷ್ಟೋ ಸಲ ನನಗೆ ನೀರು ಕೊಟ್ಟವರು. ಒಂದು ಸಂಜೆ ಈರುಳ್ಳಿ ತೆಗೆದುಕೊಳ್ಳಲು ಅಲ್ಲಿ ಕಾರು ನಿಲ್ಲಿಸಿದೆ.

"ಎಲ್ಲಿ ಹೋಗಿದ್ರಿ ಮಾರಾಯ್ತಿ? ಹುಷಾರಿಲ್ಲ ಅಂತ ಗ್ರಹಿಸಿದೆ."

"ದಿನಾ ಇದೇ ದಾರಿಯಲ್ಲಿ ಹೋಗ್ತೇನೆ ಅಕ್ಕ, ಕಾರಿನಲ್ಲಿ."

"ಗ್ಲಾಸ್ ಹಾಕಿಕೊಂಡು ಹೋದ್ರೆ ಒಳಗೆ ಯಾರುಂಟು ಅಂತ ನನಗೆ ಹೇಗೆ ಗೊತ್ತಾಗ್ಬೇಕು?" ಎಂದರು. ಆಮೇಲೆ ಸ್ವರ ತಗ್ಗಿಸಿದರು. "ಒಂದು ಕೇಳ್ಲಿಕ್ಕೆ ಉಂಟು, ನಗಬಾರ್ದು. ನನಗೆ ಸೈಕಲ್ ಕಲಿಸ್ತೀರಾ? ಸಣ್ಣದಿರುವಾಗ ತಮ್ಮನ ಸೈಕಲ್ ಮುಟ್ಟಿದ್ದಕ್ಕೆ ಬೈಗುಳ ತಿಂದವಳು ನಾನು."

ನಗು ಬರಲಿಲ್ಲ. ಶನಿವಾರ ಅರ್ಧ ದಿನ ಶಾಲೆ. ಮಧ್ಯಾಹ್ನ ಅವರ ಅಂಗಡಿಯ ಹಿಂದಿನ ಗಟ್ಟಿ ಜಾಗದಲ್ಲಿ ಪಾಠ ಶುರುವಾಯಿತು. ಸೀಟು ಹಿಡಿದು ಓಡುವುದು ನನ್ನ ಕೆಲಸ, "ಬಿಡ್ಬೇಡಿ, ಬಿಡ್ಬೇಡಿ!" ಎಂದು ಕೂಗುವುದು ಅವರದ್ದು. ಅವರ ಸೊಸೆ ಬಾಗಿಲಲ್ಲಿ ನಿಂತು ನಗುವಳು. ಶನಿವಾರ ಸೈಕಲ್ ಒಯ್ಯಲೇಬೇಕಾದ್ದರಿಂದ ಚಕ್ರಕ್ಕೆ ಗಾಳಿ ತಪ್ಪಲಿಲ್ಲ. ಉಳಿದ ದಿನವೂ ಅಂಗಡಿಯ ಮುಂದೆ ನನ್ನ ಬೆಲ್ ಕೇಳಿದರೆ ಅವರು ಕೈ ಎತ್ತುತ್ತಿದ್ದರು. ಇವತ್ತು ಸೈಕಲ್ಲೋ ಕಾರೋ ಎಂದು ಬೆಳಿಗ್ಗೆ ನನ್ನೊಡನೆ ನಾನೇ ವಾದಿಸುವುದು ಯಾವಾಗ ನಿಂತಿತೋ ನೆನಪಿಲ್ಲ. ಜೋರು ಮಳೆಯ ದಿನ ಮಾತ್ರ ಕಾರು, ಅದರಲ್ಲಿ ಬೇಸರವೂ ಇರಲಿಲ್ಲ.

ಒಂದು ಶನಿವಾರ ನಾನು ಸೊಸೆಯೊಡನೆ ಮಾತಾಡುತ್ತಾ ಚಾ ಕುಡಿಯುತ್ತಿದ್ದೆ. ಹಿಂದೆ ಏನೋ ಧಡಾರನೆ ಸದ್ದು. ಓಡಿ ಹೋದರೆ, ಅವರು ಬೇಲಿಗೆ ಒರಗಿದ ಸೈಕಲ್ಲಿನ ಪಕ್ಕ ನಿಂತು ತಲೆವಸ್ತ್ರ ಸರಿಮಾಡಿಕೊಳ್ಳುತ್ತಿದ್ದಾರೆ.

"ಪೆಟ್ಟಾಯ್ತಾ ಅಕ್ಕ?"

"ಪೆಟ್ಟು ಇರ್ಲಿ. ಆ ತುದಿಯಿಂದ ಇಲ್ಲಿವರೆಗೆ ಒಬ್ಬಳೇ ಬಂದೆ, ಗೊತ್ತುಂಟಾ? ಬ್ರೇಕ್ ಹಿಡಿಯುದು ಮಾತ್ರ ಮರ್ತುಹೋಯ್ತು."

ಆಮೇಲೆ ಅವರ ಮಗ ಬೆಳ್ತಂಗಡಿಯಿಂದ ಹಳೆಯ ಸೈಕಲ್ ಒಂದನ್ನು ತಂದುಕೊಟ್ಟ. ಮೊನ್ನೆ ಬೆಳಿಗ್ಗೆ ಅವರು ಸೊಸೆಯನ್ನು ಅಂಗಡಿಯಲ್ಲಿ ಕೂರಿಸಿ, "ಹೋಗುವ ಟೀಚರ್, ಗುರುವಾಯನಕೆರೆ ತನಕ" ಎಂದು ಹೊರಟೇಬಿಟ್ಟರು. ಇಳಿಜಾರಿನಲ್ಲಿ ನನಗಿಂತ ಮುಂದೆ ಹೋದರು. ರಸ್ತೆಯಲ್ಲಿ ಯಾರೂ ಇರಲಿಲ್ಲ. ಆದರೂ ಬೆಲ್ ಬಾರಿಸುತ್ತಲೇ ಇದ್ದರು.