ಏಸಿಗೆ ಹೊಚ್ಚಿದ ಗೋಣಿಚೀಲ

ಇಪ್ಪತ್ತೆಂಟು ವರ್ಷದಿಂದ ಕುಷ್ಟಗಿಯ ಹೈಸ್ಕೂಲಿನಲ್ಲಿ ಶಾಖದ ಪಾಠ ಹೇಳುತ್ತ ಬಂದವನು ನಾನು. ಅದೆಲ್ಲ ಪರೀಕ್ಷೆಗೆ ಬರೆಸುವ ವಿದ್ಯೆ. ಮನೆಯಲ್ಲಿ ಅದು ನನಗೆ ಉಪಯೋಗಕ್ಕೆ ಬರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಗಳ ಕಿವಿಗೆ ಮಾತ್ರ ಹಾಕಬೇಡಿ.

ನಮ್ಮಲ್ಲಿ ಏಸಿ ಬಂದದ್ದು ಮೊಮ್ಮಗಳ ಸಲುವಾಗಿ. ಮಗಳು ಸವಿತಾ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಏಪ್ರಿಲ್ ಬಿಸಿಲಿಗೆ ಎರಡು ತಿಂಗಳ ಕೂಸಿನ ಬೆನ್ನು, ಕುತ್ತಿಗೆ ತುಂಬ ಬೆವರುಗುಳ್ಳೆ, ಮಧ್ಯಾಹ್ನವೆಲ್ಲ ಅಳು. ಅಳಿಯನಿಗೆ ಮುನಿರಾಬಾದಿನಲ್ಲಿ ನೌಕರಿ, ಭಾಳ ಮರ್ಯಾದಸ್ಥ. ಫೋನು ಮಾಡಿ, "ಮಾವಾರ, ಇಲ್ಲಿ ಡ್ಯಾಮಿನ ತಂಪು ಗಾಳಿ ಐತ್ರಿ. ಭಾನುವಾರ ಬಂದು ಕರಕೊಂಡು ಹೋಗ್ಲೇನ್ರಿ?" ಅಂದ. ಐದು ತಿಂಗಳು ಇರಬೇಕಾದ ಬಾಣಂತಿಯನ್ನು ಎರಡಕ್ಕೇ ಕಳಿಸಿದರೆ ತವರಿನ ಮಾನ ಏನಾಗಬೇಕು? ಮಾನ ಹಾಗಿರಲಿ, ಕೂಸಿಲ್ಲದ ಮನೆ ನೆನೆಸಿಯೇ ನನಗೆ ಸಂಕಟವಾಯಿತು. ಮರುದಿನವೇ ಏಸಿ ತಂದೆ.

ನಮ್ಮ ಅವ್ವನಿಗೆ ಇದು ಸೇರಲಿಲ್ಲ. ಬಾಣಂತಿಯ ಕಿವಿಗೆ ಅರಿವೆ ಕಟ್ಟಿಸಿ, ಸಂಜೆ ಅಗ್ಗಿಷ್ಟಿಗೆಯ ಕೆಂಡಕ್ಕೆ ಅಜವಾನ ಉದುರಿಸಿ ಹೊಗೆ ಹಾಕುವವಳು ಆಕೆ. "ಬಾಣಂತಿಗೆ ಥಂಡಿ ಹಿಡಿದ್ರ ನೀ ಹೊಣಿ ಏನೋ?" ಅಂದಳು. ಕಡೆಗೆ ರಾಜಿಯಾಯಿತು. ಹನ್ನೆರಡರಿಂದ ನಾಲ್ಕರವರೆಗೆ ನನ್ನ ಏಸಿ, ಸಂಜೆ ಅವ್ವನ ಹೊಗೆ.

ಮುಂಜಾನೆ ಹಚ್ಚಿ ನೋಡಿದರೆ ಮೈ ನಡುಗಿಸುವ ಏಸಿ, ಹೊರಗೆ ನಲವತ್ತೆರಡು ಡಿಗ್ರಿ ಏರಿದ ಹೊತ್ತಿಗೆ ಮಂಕಾಗುತ್ತಿತ್ತು. ಬೇಗ ತಂಪಾಗಲೆಂದು ರಿಮೋಟನ್ನು ಹದಿನಾರಕ್ಕೆ ಇಳಿಸಿದೆ. ಆದರೂ ಸಾಲದೆನಿಸಿ ಮಾಳಿಗೆ ಹತ್ತಿದೆ. ಏಸಿಯ ಹೊರಗಿನ ಪೆಟ್ಟಿಗೆ ಬಿಸಿಲಲ್ಲಿ ನಿಂತು ಬಿಸಿಗಾಳಿ ಉಗುಳುತ್ತಿತ್ತು. ಬ್ಯಾಸಿಗೆಯಲ್ಲಿ ನೀರಿನ ಗಡಿಗೆಗೆ ಹಸಿ ಅರಿವೆ ಸುತ್ತುವ ಊರು ನಮ್ಮದು. ನೀರು ಆವಿಯಾಗುವಾಗ ಶಾಖ ಹೀರುತ್ತದೆಂಬ ಪಾಠವೂ ನೆನಪಾಯಿತು. ಎರಡು ಗೋಣಿಚೀಲ ತೋಯಿಸಿ ಪೆಟ್ಟಿಗೆಗೆ ಹೊಚ್ಚಿ, ಹುರಿಯಿಂದ ಬಿಗಿದು ಕೆಳಗಿಳಿದೆ. ನನ್ನ ಬುದ್ಧಿಯ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ಮರುದಿನದಿಂದ ಒಂದು ಗಂಟೆಯಾಯಿತೆಂದರೆ ಏಸಿಯಿಂದ ಬರೀ ಬೆಚ್ಚನೆ ಗಾಳಿ. ಸರಿಯಾಗಿ ಆ ಹೊತ್ತಿಗೇ ಅವ್ವ ಬಾಣಂತಿಯ ಕೋಣೆಗೆ ಹೋಗುವುದನ್ನು ಎರಡು ದಿನ ನೋಡಿದೆ. ಗುಮಾನಿ ಬಂತು. "ರಿಮೋಟಿನಾಗ ಏನರ ಒತ್ತೀಯೇನವ್ವ? ಕೂಸು ಮುನಿರಾಬಾದಿಗೆ ಹೋದ್ರ ಹೋಗ್ಲಿ ಅಂತೀಯೇನು?" ಅಂದುಬಿಟ್ಟೆ. ಅವತ್ತಿನಿಂದ ಆಕೆ ನನಗೆ ರೊಟ್ಟಿ ನೀಡುವುದನ್ನೇ ಬಿಟ್ಟಳು, ಹೆಂಡತಿ ನೀಡತೊಡಗಿದಳು.

ಶನಿವಾರ ಮಧ್ಯಾಹ್ನ ಹನುಮಸಾಗರದಿಂದ ಮೆಕ್ಯಾನಿಕ್ ಶರಣಪ್ಪ ಬಂದ. ಮಾಳಿಗೆ ಮೇಲಿಂದಲೇ, "ಮಾಸ್ತರ, ಈ ಚೀಲ ಯಾರು ಹೊಚ್ಯಾರ್ರೀ?" ಅಂತ ಕೇಳಿದ. ಕೆಳಗಿಳಿದು ಅವನು ಹೇಳಿದ್ದು, ನಾನೇ ಪ್ರತಿ ವರ್ಷ ಹೇಳುವ ಪಾಠ. ಏಸಿ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಶಾಖ ಹೊತ್ತು ಹೊರಗೆ ಚೆಲ್ಲುತ್ತದೆ. ಹೊರಗೆ ಕಾದಷ್ಟೂ ಚೆಲ್ಲುವುದು ಕಷ್ಟ. ಅಂಥದರಲ್ಲಿ ಅದರ ಬಾಯಿಗೇ ಚೀಲ ಬಿಗಿದರೆ ಬಿಸಿ ಅಲ್ಲೇ ಸುತ್ತಿ, ಮಷಿನ್ ಸುಡಬಾರದೆಂದು ತಾನೇ ನಿಲ್ಲುತ್ತದೆ.

"ಹದಿನಾರಕ್ಕಿಟ್ರ ಲಗೂನ ತಂಪಾಗಂಗಿಲ್ರಿ, ಸುಮ್ನ ದಣೀತೈತಿ. ಇಪ್ಪತ್ತಾರು ಸಾಕು. ಪೆಟಗಿ ಮ್ಯಾಲ ನೆಳ್ಳು ಮಾಡ್ರಿ, ಮುಂದ ಬಯಲು ಬಿಡ್ರಿ."

ಬಾಗಿಲ ಬಳಿ ಕೂತಿದ್ದ ಅವ್ವ ಎಲ್ಲ ಕೇಳಿಸಿಕೊಂಡಳು. "ಹೊಗಿ ಹಾಕೂ ಮುಂದ ನಾ ಬೆಳಕಿಂಡಿ ತಗೀತೀನಿ, ಹೊಗಿ ಹೊರಗ ಹೋಗ್ಲಿ ಅಂತ. ನಿನಗ ಸಾಲ್ಯಾಗ ಇಷ್ಟೂ ಕಲಿಸಿಲ್ಲೇನು?" ಅಂದಳು.

ಸವಿತಾ ಒಳಗಿಂದ ಅಜ್ಜಿಯ ಪರವಾಗಿ ಮೆಲ್ಲಗೆ ಹೇಳಿದಳು: "ಅಪ್ಪಾ, ಏಸಿ ನಿಂತಾಗೆಲ್ಲ ಆಯಿ ಬರ್ತಿದ್ದುದು ಕೂಸಿಗೆ ಗಾಳಿ ಬೀಸಾಕ. ನಾಲ್ಕರ ತನಕಾ ಕೈ ಬದಲಿಸಿ ಬೀಸ್ಯಾಳ."

ನನಗೆ ತಲೆ ಎತ್ತಲಾಗಲಿಲ್ಲ. "ತಪ್ಪಾತವ್ವ" ಅಂದೆ. "ಮೊದಲ ಆ ಚೀಲ ಬಿಚ್ಚು ಹೋಗು" ಅಂದಳು.

ಭಾನುವಾರ ಅಳಿಯ ಬಂದ. ಇಪ್ಪತ್ತಾರರ ತಂಪಿನಲ್ಲಿ ಕೂಸು ಕೈ ಮುಷ್ಟಿ ಬಿಚ್ಚಿ ಮಲಗಿದ್ದು ನೋಡಿ, ಉಂಡು, ಒಬ್ಬನೇ ಬಸ್ ಹತ್ತಿದ. ಅಂದು ನನಗೆ ರೊಟ್ಟಿ ನೀಡಿದ್ದು ಅವ್ವ. ಬೀಸಣಿಕೆ ಮಾತ್ರ ಇನ್ನೂ ತೊಟ್ಟಿಲ ಬದಿಗೇ ಇದೆ. ತೆಗೆದಿಡಲು ಹೋದರೆ ಅವ್ವ, "ಕರೆಂಟ್ ಹೋಗಂಗಿಲ್ಲಂತ ಯಾರರ ಬರದು ಕೊಟ್ಟಾರೇನು?" ಅನ್ನುತ್ತಾಳೆ.